125 ಮೆಗಾಬಿಟ್‌ನಿಂದ 2.97 ಗಿಗಾಬಿಟ್‌ವರೆಗೆ ಒಂದೇ ಸೀರಿಯಲ್ ರಿಸೀವರ್: ಎಫ್‌ಪಿಜಿಎ ವಿನ್ಯಾಸ ಹೇಗಿರಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಿಂಟೆಕ್ಸ್-7 ಎಫ್‌ಪಿಜಿಎಯ (ಒಳಗಿನ ಲಾಜಿಕ್ ಅನ್ನು ನಾವೇ ರೂಪಿಸಿಕೊಳ್ಳಬಹುದಾದ ಚಿಪ್) ಜಿಟಿಎಕ್ಸ್ ಟ್ರಾನ್ಸೀವರ್ (ಅದರೊಳಗಿನ ಅತಿವೇಗದ ಸೀರಿಯಲ್ ಸಂಪರ್ಕದ ಭಾಗ) ಬಳಸಿ ವಿಡಿಯೊ ರಿಸೀವರ್ ಒಂದನ್ನು ವಿನ್ಯಾಸ ಮಾಡುತ್ತಿದ್ದೇನೆ. ಸೆಕೆಂಡಿಗೆ 270 ಮೆಗಾಬಿಟ್‌ನ ಎಸ್‌ಡಿ-ಎಸ್‌ಡಿಐ (ಎಸ್‌ಡಿಐ ಎಂದರೆ ವಿಡಿಯೊವನ್ನು ಸೀರಿಯಲ್ ಬಿಟ್‌ಗಳಾಗಿ ಸಾಗಿಸುವ ಮಾನದಂಡ), 1.485 ಗಿಗಾಬಿಟ್‌ನ ಎಚ್‌ಡಿ-ಎಸ್‌ಡಿಐ, 2.97 ಗಿಗಾಬಿಟ್‌ನ 3ಜಿ-ಎಸ್‌ಡಿಐ, ಇವುಗಳಲ್ಲಿ ಯಾವುದು ಬಂದರೂ ರಿಸೀವರ್ ತಾನಾಗಿಯೇ ಗುರುತಿಸಿ ಓದಬೇಕು. ಮುಂಭಾಗದ ಕಾರ್ಡ್ ಬದಲಾಯಿಸಿದಾಗ ಅದೇ ಲೇನ್‌ನಲ್ಲಿ 125 ಮೆಗಾಬಿಟ್‌ನ ಆಪ್ಟಿಕಲ್ ಈಥರ್ನೆಟ್ ಮತ್ತು 155.52 ಮೆಗಾಬಿಟ್‌ನ ಎಸ್‌ಟಿಎಂ-1 (ದೂರಸಂಪರ್ಕ ಜಾಲದ ಸಿಗ್ನಲ್) ಕೂಡ ಬರಬೇಕೆಂಬ ಬೇಡಿಕೆಯಿದೆ. ಜಿಟಿಎಕ್ಸ್ 500 ಮೆಗಾಬಿಟ್‌ಗಿಂತ ಕೆಳಗೆ ನೇರವಾಗಿ ಕೆಲಸ ಮಾಡುವುದಿಲ್ಲ. ಪ್ರತಿಯೊಂದು ದರಕ್ಕೂ ಸೆಟ್ಟಿಂಗುಗಳ ಬೇರೆ ಬೇರೆ ಪಟ್ಟಿ ಇಟ್ಟುಕೊಂಡು, ದರ ಬದಲಾದಾಗಲೆಲ್ಲ ಡಿಆರ್‌ಪಿ (ಚಿಪ್ ಓಡುತ್ತಿರುವಾಗಲೇ ಸೆಟ್ಟಿಂಗ್ ಬದಲಿಸುವ ಪೋರ್ಟ್) ಮೂಲಕ ಪೂರ್ತಿಯಾಗಿ ತಿದ್ದಿ ಬರೆಯುವುದು ಸರಿಯಾದ ದಾರಿಯೇ? ರಿಸೀವರ್ ಬರುವ ಸಿಗ್ನಲ್‌ನ ದರಕ್ಕೆ ಲಾಕ್ ಆಗಿದೆಯೆಂದು ತಿಳಿಯುವುದು ಹೇಗೆ?

ಮೊದಲ ಉತ್ತರ

ಆ ದಾರಿ ಹಿಡಿಯಬೇಡಿ ಎಂಬುದು ನನ್ನ ಸಲಹೆ. ಟ್ರಾನ್ಸೀವರಿನ ಸೆಟ್ಟಿಂಗುಗಳನ್ನು ಎಷ್ಟು ಕಡಿಮೆ ಮುಟ್ಟುತ್ತೀರೋ ವಿನ್ಯಾಸ ಅಷ್ಟು ಗಟ್ಟಿಯಾಗುತ್ತದೆ. ದರ ಬದಲಾಯಿಸುವ ಸ್ವಾತಂತ್ರ್ಯವನ್ನು ಲಾಜಿಕ್‌ನೊಳಗಿನ ಒಂದು ಸಂಖ್ಯೆಗೆ ಬಿಟ್ಟುಕೊಡಿ.

148.5 ಮೆಗಾಹರ್ಟ್ಸ್‌ನ ರೆಫರೆನ್ಸ್ ಕ್ಲಾಕ್ ಕೊಟ್ಟು ಸಿಪಿಎಲ್‌ಎಲ್ (ಟ್ರಾನ್ಸೀವರಿನೊಳಗೆ ವೇಗದ ಕ್ಲಾಕ್ ತಯಾರಿಸುವ ಸರ್ಕ್ಯೂಟ್) ಅನ್ನು 2.97 ಗಿಗಾಹರ್ಟ್ಸ್‌ನಲ್ಲಿ ನಿಲ್ಲಿಸಿದರೆ, ಅದರ ಮುಂದಿನ ಡಿವೈಡರ್ 2 ಇದ್ದಾಗ 2.97 ಗಿಗಾಬಿಟ್, 4 ಇದ್ದಾಗ 1.485 ಗಿಗಾಬಿಟ್ ಸಿಗುತ್ತದೆ. ಈ ಬದಲಾವಣೆಗೆ ಆರ್‌ಎಕ್ಸ್‌ರೇಟ್ ಎಂಬ ಪೋರ್ಟ್ ಇರುವುದರಿಂದ ಡಿಆರ್‌ಪಿ ಬೇಕಾಗುವುದು ಸಿಡಿಆರ್‌ನ (ಬರುವ ಸಿಗ್ನಲ್‌ನಿಂದಲೇ ಕ್ಲಾಕ್ ಮತ್ತು ದತ್ತಾಂಶ ಹೊರತೆಗೆಯುವ ಭಾಗ) ಹೊಂದಾಣಿಕೆಗೆ ಮಾತ್ರ. 1.485 ಗಿಗಾಬಿಟ್‌ಗೂ ಅದನ್ನು 1.001ರಿಂದ ಭಾಗಿಸಿದ ದರಕ್ಕೂ ಇರುವ ಸುಮಾರು 1000 ಪಿಪಿಎಂ (ದಶಲಕ್ಷಕ್ಕೆ 1000 ಭಾಗ) ಅಂತರವನ್ನು ಸಿಡಿಆರ್ ತಾನೇ ಹಿಂಬಾಲಿಸುವುದರಿಂದ ಎರಡನೆಯ ರೆಫರೆನ್ಸ್ ಕ್ಲಾಕ್ ಕೂಡ ಬೇಕಿಲ್ಲ.

ಇನ್ನು 270 ಮೆಗಾಬಿಟ್. ಅದನ್ನು 11ರಿಂದ ಗುಣಿಸಿದರೆ ಸರಿಯಾಗಿ 2970 ಬರುತ್ತದೆ. ಆದ್ದರಿಂದ 3ಜಿಯ ಸೆಟ್ಟಿಂಗನ್ನೇ ಇಟ್ಟುಕೊಂಡು, ಆರ್‌ಎಕ್ಸ್‌ಸಿಡಿಆರ್‌ಹೋಲ್ಡ್ ಮೂಲಕ ಸಿಡಿಆರ್ ಅನ್ನು ರೆಫರೆನ್ಸಿಗೆ ಕಟ್ಟಿಹಾಕಿ, ಟ್ರಾನ್ಸೀವರನ್ನು ಬರಿಯ ಸ್ಯಾಂಪ್ಲರ್ ಆಗಿ ಬಳಸಬಹುದು. ಪ್ರತಿ ಬಿಟ್ಟಿಗೆ 11 ಸ್ಯಾಂಪಲ್‌ಗಳು ದೊರೆಯುತ್ತವೆ, 148.5 ಮೆಗಾಹರ್ಟ್ಸ್‌ನ ಪ್ರತಿ ಆವರ್ತದಲ್ಲಿ ಬರುವ 20 ಸ್ಯಾಂಪಲ್‌ಗಳಲ್ಲಿ ಸರಾಸರಿ 1.818 ಬಿಟ್‌ಗಳು ಅಡಗಿರುತ್ತವೆ. ಒಂದು ಫೇಸ್ ಅಕ್ಯುಮುಲೇಟರಿಗೆ (ಬಿಟ್ಟಿನೊಳಗೆ ಎಲ್ಲಿದ್ದೇವೆಂದು ಲೆಕ್ಕ ಇಡುವ ಕೌಂಟರ್) ಆವರ್ತಕ್ಕೊಮ್ಮೆ ಈ 1.818 ಅನ್ನು ಕೂಡಿಸುತ್ತ, ಸಿಗ್ನಲ್‌ನ ಅಂಚು ಕಂಡಾಗಲೆಲ್ಲ ಅಕ್ಯುಮುಲೇಟರನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತ, ಬಿಟ್ಟಿನ ನಡುವಿಗೆ ಅತಿ ಹತ್ತಿರದ ಸ್ಯಾಂಪಲ್ ಆರಿಸಿದರೆ ದತ್ತಾಂಶ ಹೊರಬರುತ್ತದೆ. 155.52 ಮೆಗಾಬಿಟ್‌ಗೆ ಕೂಡಿಸಬೇಕಾದದ್ದು 1.0473, 125 ಮೆಗಾಬಿಟ್‌ಗೆ 0.8418. ಅನುಪಾತ ಪೂರ್ಣಾಂಕವೇ ಆಗಿರಬೇಕೆಂಬ ನಿರ್ಬಂಧ ಇಲ್ಲಿಲ್ಲ, ಮತ್ತು ಟ್ರಾನ್ಸೀವರಿಗೆ ಯಾವ ಬದಲಾವಣೆಯೂ ತಿಳಿಯುವುದಿಲ್ಲ. ಈ ವಿಧಾನದ ನಿಜವಾದ ಸೊಗಸು ಇದೇ ಎಂದು ನನ್ನ ಭಾವನೆ.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಲಾಕ್ ಕುರಿತ ಪ್ರಶ್ನೆ ಉಳಿದಿದೆ. ಕಿಂಟೆಕ್ಸ್-7 ಸೇರಿರುವ 7 ಸೀರೀಸ್‌ನಲ್ಲಿ ಆರ್‌ಎಕ್ಸ್‌ಸಿಡಿಆರ್‌ಲಾಕ್ ಪೋರ್ಟ್ ಅನ್ನು ಕಾಯ್ದಿರಿಸಲಾಗಿದೆಯೆಂದು ಕೈಪಿಡಿಯೇ ಹೇಳುವುದರಿಂದ ಅದನ್ನು ನಂಬುವಂತಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ, 1.485 ಗಿಗಾಬಿಟ್‌ನ ಸಿಗ್ನಲ್ ಬಂದಾಗ ರಿಸೀವರ್ 2.97ರಲ್ಲಿದ್ದರೂ ಸಿಡಿಆರ್ ನೆಮ್ಮದಿಯಾಗಿಯೇ ಕೂರುತ್ತದೆ, ಏಕೆಂದರೆ ಪ್ರತಿ ಬಿಟ್ ಅದಕ್ಕೆ ಎರಡೆರಡು ಬಾರಿ ಕಾಣಿಸುತ್ತದೆ, ಅಷ್ಟೆ. ಆದ್ದರಿಂದ ತೀರ್ಪು ದತ್ತಾಂಶದಿಂದಲೇ ಬರಬೇಕು: ಡಿಸ್ಕ್ರ್ಯಾಂಬಲ್ ಮಾಡಿದ (ಕಳಿಸುವಾಗ ಕಲಸಿದ ಬಿಟ್‌ಗಳನ್ನು ಮೊದಲಿನಂತಾಗಿಸಿದ) ಮೇಲೆ 3ಎಫ್‌ಎಫ್, 000, 000 ಎಂದು ಆರಂಭವಾಗುವ ಟಿಆರ್‌ಎಸ್ (ವಿಡಿಯೊ ಗೆರೆಯ ಆರಂಭ, ಕೊನೆ ಸೂಚಿಸುವ ಗುರುತು) ಪದಗಳು ಸರಿಯಾದ ಅಂತರದಲ್ಲಿ, ಹಲವು ಗೆರೆಗಳ ಕಾಲ ಸಿಗುತ್ತಿವೆಯೇ ಎಂದು ನೋಡಿ. ಎಸ್‌ಡಿಯ ಒಂದು ಗೆರೆಗೆ ಸುಮಾರು 64 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ರೀಸೆಟ್ ಮುಗಿದ ನಂತರ ಅಂತಹ ಹಲವು ಗೆರೆಗಳಷ್ಟಾದರೂ ಕಾಯದೆ ಮುಂದಿನ ದರಕ್ಕೆ ಜಿಗಿದರೆ, ಹುಡುಕಾಟ ಎಂದೂ ಮುಗಿಯದೆ ಸುತ್ತುತ್ತಲೇ ಇರುತ್ತದೆ.

ಈಕ್ವಲೈಸರನ್ನು (ದಾರಿಯಲ್ಲಿ ಕೆಟ್ಟ ಸಿಗ್ನಲ್ ಸರಿಪಡಿಸುವ ಭಾಗ) ಡಿಎಫ್‌ಇ ವಿಧಾನ ಬಿಟ್ಟು ಎಲ್‌ಪಿಎಂ ವಿಧಾನದಲ್ಲಿಡಿ. ಎಸ್‌ಡಿಐಯ ಪೆಥಾಲಾಜಿಕಲ್ ಸಿಗ್ನಲ್‌ಗಳಲ್ಲಿ (ರಿಸೀವರಿಗೆ ಅತಿ ಕಷ್ಟವಾಗುವ ಬಿಟ್ ಮಾದರಿಗಳು) ಬಿಟ್‌ಗಳು ಯಾದೃಚ್ಛಿಕವಾಗಿರುವುದಿಲ್ಲ, ಡಿಎಫ್‌ಇ ತನ್ನನ್ನು ಹೊಂದಿಸಿಕೊಳ್ಳುವುದು ಅಂತಹ ಯಾದೃಚ್ಛಿಕತೆಯನ್ನು ನಂಬಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪೆಥಾಲಾಜಿಕಲ್ ಸಿಗ್ನಲ್‌ನಲ್ಲಿ 20 ಬಿಟ್‌ಗಳವರೆಗೆ ಅಂಚೇ ಬರದಿದ್ದಾಗ ಫೇಸ್ ಅಕ್ಯುಮುಲೇಟರ್ ದಾರಿ ತಪ್ಪುವುದಿಲ್ಲವೇ?

ಮೊದಲ ಉತ್ತರ ನೀಡಿದವರು

ಲೆಕ್ಕ ಹಾಕಿ ನೋಡೋಣ. 20 ಬಿಟ್ ಎಂದರೆ 220 ಸ್ಯಾಂಪಲ್. ಎರಡು ಕಡೆಯ ಕ್ಲಾಕ್‌ಗಳ ನಡುವೆ 100 ಪಿಪಿಎಂ ವ್ಯತ್ಯಾಸವಿದ್ದರೂ ಅಷ್ಟರಲ್ಲಿ ಸರಿಯುವುದು 0.022 ಸ್ಯಾಂಪಲ್ ಮಾತ್ರ, ಅದು ಗಣನೆಗೇ ಬಾರದು. ಆದರೆ ಎಸ್‌ಡಿಗೆ ಅನುಮತಿಸಿದ 0.2 ಯುಐ (ಒಂದು ಯುಐ ಎಂದರೆ ಒಂದು ಬಿಟ್ಟಿನ ಅವಧಿ) ಜಿಟ್ಟರ್, ಅಂದರೆ ಅಂಚುಗಳ ಸಮಯದ ಅಲುಗಾಟ, ಎಂದರೆ 2.2 ಸ್ಯಾಂಪಲ್‌ಗಳಷ್ಟು ಓಲಾಟ. ನಿಮ್ಮ ಲೂಪ್‌ನ ಗೇನ್ ನಿರ್ಧಾರವಾಗಬೇಕಾದದ್ದು ಇದನ್ನು ನೋಡಿಕೊಂಡು.

ಮೂರನೆಯ ಉತ್ತರ

ಮುಂದಿನ ಹಂತದ ಬಗ್ಗೆ ಒಂದು ಮಾತು. ಎಸ್‌ಡಿಯಲ್ಲಿ ನಿಮಗೆ ನಿಜವಾದ 27 ಮೆಗಾಹರ್ಟ್ಸ್ (10 ಬಿಟ್‌ನ ಪದಕ್ಕೊಂದು ಆವರ್ತ) ಕ್ಲಾಕ್ ಸಿಗುವುದಿಲ್ಲ. 148.5 ಅನ್ನು 27ರಿಂದ ಭಾಗಿಸಿದರೆ 5.5 ಬರುವುದರಿಂದ, ಕ್ಲಾಕ್ ಎನೇಬಲ್ (ಹೊಸ ಪದ ಸಿದ್ಧವಾಗಿದೆಯೆಂದು ಹೇಳುವ ಸಿಗ್ನಲ್) 5, 6, 5, 6 ಆವರ್ತಗಳ ಅಂತರದಲ್ಲಿ ಬರುತ್ತದೆ, ಜಿಟ್ಟರ್ ಇದ್ದಾಗ ಈ ಸರದಿಯೂ ಆಗಾಗ ಕದಲುತ್ತದೆ. ಮುಂದಿನ ಎಲ್ಲ ಬ್ಲಾಕ್‌ಗಳನ್ನೂ ಎನೇಬಲ್ ಆಧರಿಸಿಯೇ ಬರೆಯಿರಿ. ಎನೇಬಲ್‌ಗಳ ನಡುವಿನ ಅಂತರ ಸ್ಥಿರವೆಂದು ಎಲ್ಲಿಯೂ ಭಾವಿಸಬೇಡಿ. ಓದಿದ ವಿಡಿಯೊವನ್ನು ಮತ್ತೆ ಎಸ್‌ಡಿಐ ರೂಪದಲ್ಲಿ ಹೊರಗೆ ಕಳಿಸುವುದಿದ್ದರೆ, ಎನೇಬಲ್‌ನ ಲಯವನ್ನು ಹೊರಗಿನ ಜಿಟ್ಟರ್ ಶೋಧಿಸುವ ಪಿಎಲ್‌ಎಲ್ ಚಿಪ್‌ಗೆ ಕೊಟ್ಟು, ಅದರಿಂದ ಬಂದ ಶುದ್ಧ ಕ್ಲಾಕ್‌ನಲ್ಲಿ ಫಿಫೊ (ಬಂದ ಸರದಿಯಲ್ಲೇ ದತ್ತಾಂಶ ಕೊಡುವ ಬಫರ್) ಓದಿಸಬೇಕಾಗುತ್ತದೆ.