ಚಿಪ್ಪಣಬೆ ಚೀಲದಿಂದ ಕಿಣ್ವ ತೆಗೆದವರು ಯಾರಾದರೂ ಉಂಟಾ?

ಕಾರ್ಕಳದ ಹತ್ತಿರ ನಮ್ಮದು ಎರಡೆಕರೆ ಗದ್ದೆ. ದನ ಕೊಟ್ಟ ಮೇಲೆ ಬೈಹುಲ್ಲು ಸುಮ್ಮನೆ ಕೊಳೆಯುತ್ತದೆ. ಅದನ್ನು ಚೀಲಕ್ಕೆ ತುಂಬಿ ಚಿಪ್ಪಣಬೆ ಮಾಡುವ ಅಂತ. ಕೊಯ್ದು ಮುಗಿದ ಚೀಲದಿಂದ ಲ್ಯಾಕೇಸ್ ಕಿಣ್ವ ತೆಗೆದು ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತೇನೆ ಅನ್ನುತ್ತಾಳೆ ಮಗಳು. ಮಾಡಿದವರು ಹೇಳಿ.

ಬ್ರಹ್ಮಾವರದಿಂದ:
ಅಣ್ಣಾ, ಮೊದಲು ಹುಲ್ಲು ನೋಡಿ. ಮಳೆಗೆ ಸಿಕ್ಕಿ ಕಪ್ಪಾದದ್ದು ಬೇಡವೇ ಬೇಡ. ನಾನು ಎರಡಿಂಚು ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಕುಚ್ಚಲಿಗೆ ಭತ್ತ ಬೇಯಿಸುವ ಹಂಡೆಯಲ್ಲಿ 80 ಡಿಗ್ರಿ ನೀರಿಗೆ ಒಂದು ಗಂಟೆ ಹಾಕುತ್ತೇನೆ. ಆಮೇಲೆ ನೀರು ಬಸಿಯುವುದೇ ದೊಡ್ಡ ಕೆಲಸ. ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಕಳೆದ ಆಟಿ ತಿಂಗಳ ಮಳೆಯಲ್ಲಿ ಅವಸರ ಮಾಡಿ 40 ಚೀಲ ಕಟ್ಟಿದೆ. ವಾರದೊಳಗೆ ಅಣಬೆ ತಂತುವಿನ ಬಿಳಿ ಬಲೆಯ ನಡುವೆ ಹಸಿರು ಬೂಷ್ಟು. 26 ಚೀಲ ತೆಂಗಿನ ಬುಡಕ್ಕೆ ಹೋಯಿತು. ಅಣಬೆ ಬೀಜಕ್ಕೆ ಕೊಟ್ಟ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಂಗಳೂರಿನಿಂದ, ಲ್ಯಾಬಿನಲ್ಲಿರುವವಳು:
ಕೊಯ್ದು ಮುಗಿಯುವವರೆಗೆ ಕಾಯಬೇಡ ಅಂತ ಮಗಳಿಗೆ ಹೇಳಿ. ಹುಲ್ಲಿಗೆ ಗಟ್ಟಿತನ ಕೊಡುವುದು ಲಿಗ್ನಿನ್. ಅದನ್ನು ಒಡೆಯಲು ಅಣಬೆಯ ತಂತು ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಎಂಬ ಕಿಣ್ವ ಸುರಿಸುತ್ತದೆ. ತಂತು ಹಬ್ಬುವಾಗಲೇ ಲ್ಯಾಕೇಸ್ ಜೋರು. ಮೊಗ್ಗು ಬಂದ ಮೇಲೆ ಅದು ಇಳಿದು, ಹುಲ್ಲಿನ ಸೆಲ್ಯುಲೋಸ್ ನಾರು ಒಡೆಯುವ ಸೆಲ್ಯುಲೇಸ್ ಕಿಣ್ವ ಏರುತ್ತದೆ. ಒಂದೇ ಚೀಲದಲ್ಲಿ ಅಣಬೆಯೂ ಬೇಕು, ಒಳ್ಳೆಯ ಲ್ಯಾಕೇಸೂ ಬೇಕು ಅಂದರೆ ಆಗುವುದಿಲ್ಲ. ಐದಾರು ಚೀಲ ಅವಳಿಗೇ ಬಿಟ್ಟುಬಿಡಿ. 10ನೇ ದಿನದಿಂದ ಎರಡು ದಿನಕ್ಕೊಂದು ತೆರೆಯಲಿ. ಪಿಎಚ್ 5ರ ತಣ್ಣಗಿನ ಬಫರಿನಲ್ಲಿ (ಹುಳಿಯ ಮಟ್ಟ ಬದಲಾಗದಂತೆ ಹಿಡಿದಿಡುವ ದ್ರಾವಣ) ಹುಲ್ಲು ಅಲ್ಲಾಡಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರ ತಿರುಗಿಸಿ ಕಸ ತಳಕ್ಕೆ ಕೂರಿಸಿ, ಮೇಲಿನ ಸಾರ ಐಸಿನಲ್ಲಿಡಲಿ. ಲ್ಯಾಕೇಸ್ ಇದ್ದರೆ, ಗ್ವಾಯಕಾಲ್ ಎಂಬ ರಾಸಾಯನಿಕ ಹಾಕಿದಾಗ ಕೆಂಗಂದು ಬಣ್ಣ ಏರುತ್ತದೆ. ಆದರೆ ಹುಲ್ಲಿನ ಸಾರವೇ ಹಾಲು ಹಾಕದ ಕಣ್ಣಚಹಾದ ಬಣ್ಣ! ನಾನು ಮೊದಲ ಸಲ ಅದನ್ನೇ ಕಿಣ್ವ ಅಂದುಕೊಂಡು ಎರಡು ವಾರ ಕಳೆದೆ. ಅದೇ ಸಾರವನ್ನು ಸ್ವಲ್ಪ ಕುದಿಸಿ ಪಕ್ಕದಲ್ಲಿಟ್ಟುಕೊಳ್ಳಲಿ. ಕುದಿಸಿದರೆ ಕಿಣ್ವ ಸಾಯುತ್ತದೆ, ಹಾಗಾಗಿ ಅದರಲ್ಲಿ ಬಣ್ಣ ಏರಬಾರದು.

ಶಂಕರಪುರದಿಂದ:
ಕೊಯ್ಲು ಮುಗಿದ ಚೀಲ ಎಸೆಯಬೇಡಿ ಮಾರಾಯ್ರೆ. ಆ ಹುಲ್ಲು ಬೆರಳಲ್ಲೇ ಪುಡಿಯಾಗುತ್ತದೆ. ಸೆಗಣಿ ಸೇರಿಸಿ ಕೊಳೆಸಿ ನಮ್ಮ ಮಲ್ಲಿಗೆಗೆ ಹಾಕುತ್ತೇವೆ. ಇನ್ನೊಂದು, ಅಣಬೆಯ ಕೊಡೆ ಪೂರ್ತಿ ಬಿಚ್ಚುವ ಮೊದಲೇ ಕೊಯ್ಯಿರಿ, ಕೋಣೆಗೆ ಮಾಸ್ಕ್ ಹಾಕಿಯೇ ಹೋಗಿ. ಬೀಜಕಣದ ಧೂಳು ನನ್ನ ತಂಗಿಗೆ ಎರಡು ತಿಂಗಳು ಕೆಮ್ಮು ತರಿಸಿತು.

ಕೇಳಿದವರು:
ಉಪಕಾರ ಆಯಿತು. ಹತ್ತು ಚೀಲ ಕಟ್ಟುತ್ತೇವೆ, ಆರು ಮಗಳಿಗೆ. ಮಳೆ ಕಳೆಯಲಿ.