ಹಳೆಯ ಬಡಾವಣೆಯ ಚಹರೆಯನ್ನು ಯಾವುದರಲ್ಲಿ ಗುರುತಿಸಬೇಕು?

ಪ್ರಶ್ನೆ:
ನಾವು ವಾಸಿಸುವ ಹಳೆಯ ಬಡಾವಣೆಯಲ್ಲಿ ಒಂಟಿ ಮನೆಗಳು ಒಂದೊಂದಾಗಿ ನೆಲಸಮವಾಗಿ, ಅವುಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಬಡಾವಣೆಯ ಇತಿಹಾಸವನ್ನು ಬರೆದಿಡಬೇಕೆಂದು ನೆರೆಹೊರೆಯ ಕೆಲವರು ನಿಶ್ಚಯಿಸಿದ್ದೇವೆ. ಆದರೆ ಕಟ್ಟಡಗಳೇ ಹೋದ ಮೇಲೆ ಚಹರೆ ಎಂದು ಯಾವುದನ್ನು ದಾಖಲಿಸಬೇಕು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಕಟ್ಟಡಗಳಿಗಿಂತ ಮೊದಲು ನಿವೇಶನಗಳ ಎಲ್ಲೆಗಳನ್ನು ನೋಡಿ. ಇಂಗ್ಲೆಂಡಿನ ಆನಿಕ್ ಪಟ್ಟಣದ ಕುರಿತ ಅಧ್ಯಯನವನ್ನು 1960ರಲ್ಲಿ ಪ್ರಕಟಿಸಿದ ಭೂಗೋಳಶಾಸ್ತ್ರಜ್ಞ ಎಂ.ಆರ್.ಜಿ. ಕಾನ್ಜೆನ್ ಅವರು, ನೆಲದ ಬಳಕೆ ಬೇಗ ಬದಲಾಗುತ್ತದೆ, ಕಟ್ಟಡಗಳು ಅದಕ್ಕಿಂತ ನಿಧಾನವಾಗಿ ಬದಲಾಗುತ್ತವೆ, ಬೀದಿಗಳೂ ನಿವೇಶನದ ಎಲ್ಲೆಗಳೂ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುತ್ತವೆ ಎಂದು ತೋರಿಸಿಕೊಟ್ಟರು. ಹಳೆಯ ಮನೆಯನ್ನು ಕೆಡವಿ ಅದೇ ನಿವೇಶನದಲ್ಲಿ ಹೊಸದನ್ನು ಕಟ್ಟಿದರೆ ಬೀದಿಯ ಲಯ ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಅಕ್ಕಪಕ್ಕದ ನಾಲ್ಕು ನಿವೇಶನಗಳನ್ನು ಒಟ್ಟುಗೂಡಿಸಿ ಒಂದೇ ಕಟ್ಟಡ ಎಬ್ಬಿಸಿದಾಗ, ನಾಲ್ಕು ಗೇಟುಗಳೂ ನಾಲ್ಕು ಹೊಸ್ತಿಲುಗಳೂ ಹೋಗಿ, ಉದ್ದನೆಯ ಒಂದು ಕಾಂಪೌಂಡ್ ಗೋಡೆ ಮತ್ತು ವಾಹನಗಳು ಇಳಿಯುವ ಒಂದು ದಾರಿ ಮಾತ್ರ ಬೀದಿಗೆ ದಕ್ಕುತ್ತವೆ. ನನ್ನ ದೃಷ್ಟಿಯಲ್ಲಿ ಎತ್ತರಕ್ಕಿಂತ ದೊಡ್ಡ ನಷ್ಟ ಇದೇ. ಮೂಲ ಬಡಾವಣೆಯ ನಕ್ಷೆ ಮತ್ತು ಕ್ರಯಪತ್ರಗಳಲ್ಲಿ ಬರೆದಿರುವ ಚಕ್ಕುಬಂದಿಯಿಂದ, ಅಂದರೆ ನಾಲ್ಕೂ ದಿಕ್ಕಿನ ಎಲ್ಲೆಗಳ ವಿವರದಿಂದ, ಆರಂಭಿಸಿದರೆ, ಯಾವ ಎಲ್ಲೆ ಯಾವಾಗ ಅಳಿಯಿತು ಎಂಬುದು ಸ್ಪಷ್ಟವಾಗುತ್ತದೆ.

ಉತ್ತರ 2:
ಮೇಲಿನ ಮಾತು ಸರಿಯೇ, ಆದರೆ ಎಲ್ಲೆಗಳು ಉಳಿದು ಜನ ಹೋಗಿಬಿಡುವುದೂ ಉಂಟು. ಲಂಡನ್ನಿನಲ್ಲಿ ದುಡಿಯುವ ವರ್ಗದ ಕೇರಿಗಳಿಗೆ ಮಧ್ಯಮ ವರ್ಗದವರು ಬಂದು ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿಕೊಂಡು ನೆಲೆಸಿದಂತೆ, ಮೊದಲಿನ ನಿವಾಸಿಗಳು ಜಾಗ ಬಿಡಬೇಕಾಗಿ ಬಂದುದನ್ನು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ವಿವರಿಸಿದರು. ಈಗ ಎಲ್ಲೆಡೆ ಬಳಕೆಯಲ್ಲಿರುವ ಜೆಂಟ್ರಿಫಿಕೇಶನ್ ಎಂಬ ಹೆಸರನ್ನು ಕೊಟ್ಟವರೂ ಅವರೇ. ಅಲ್ಲಿ ಗೋಡೆಗಳು ಹೋಗಲಿಲ್ಲ, ಬಾಡಿಗೆದಾರರು ಹೋದರು. ನ್ಯೂಯಾರ್ಕಿನ ಬ್ರೂಕ್ಲಿನ್ ಹೈಟ್ಸ್ 1965ರಲ್ಲಿ ಆ ನಗರದ ಮೊದಲ ಸಂರಕ್ಷಿತ ಐತಿಹಾಸಿಕ ಬಡಾವಣೆಯಾಯಿತು, ಆದರೆ ಅಂಥ ಕಾನೂನು ಮನೆಯ ಮುಂಭಾಗವನ್ನು ಕಾಯುತ್ತದೆಯೇ ಹೊರತು ಬಾಡಿಗೆಯನ್ನಲ್ಲ. ಆದ್ದರಿಂದ ಯಾರು ಎಷ್ಟು ಕಾಲ ಎಲ್ಲಿದ್ದರು, ಏಕೆ ಬಿಟ್ಟರು ಎಂಬುದನ್ನು, ಮುಖ್ಯವಾಗಿ ಬಾಡಿಗೆದಾರರಿಂದ ಕೇಳಿ ಬರೆದುಕೊಳ್ಳಿ. ಕ್ರಯಪತ್ರಗಳಲ್ಲಿ ಅವರ ಹೆಸರೇ ಇರುವುದಿಲ್ಲ. ಒಂದೇ ಬಾಗಿಲಿನ ಪಕ್ಕದಲ್ಲಿ ಸಾಲಾಗಿ ಐದಾರು ವಿದ್ಯುತ್ ಮೀಟರುಗಳಿದ್ದರೆ, ಆ ಮನೆ ಹೊರಗಿನಿಂದ ಹಾಗೆಯೇ ಇದ್ದು ಒಳಗೆ ಭಾಗವಾಗಿದೆ ಎಂದೇ ಬಹುಮಟ್ಟಿಗೆ ತಿಳಿಯಬಹುದು.

ಉತ್ತರ 3:
ದಾಖಲಿಸುವ ಕ್ರಮದ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 1867ರಲ್ಲಿ ಆರಂಭವಾದ ಸ್ಯಾನ್‌ಬಾರ್ನ್ ಕಂಪನಿಯ ಅಗ್ನಿವಿಮೆ ನಕ್ಷೆಗಳಲ್ಲಿ, ಅಂದರೆ ಕಟ್ಟಡಗಳಿಗಿರುವ ಬೆಂಕಿಯ ಅಪಾಯವನ್ನು ವಿಮೆಗಾರರು ಅಂದಾಜಿಸಲು ಬಳಸುತ್ತಿದ್ದ ನಕ್ಷೆಗಳಲ್ಲಿ, ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ, ಮರದ ಕಟ್ಟಡಕ್ಕೆ ಹಳದಿ ಬಣ್ಣವಿರುತ್ತಿತ್ತು. ಕಟ್ಟಡ ಬದಲಾದಾಗ ಹೊಸ ಚೀಟಿಯನ್ನು ಹಳೆಯ ಗುರುತಿನ ಮೇಲೆ ಅಂಟಿಸುತ್ತಿದ್ದರು. ನೀವು ಮಾತ್ರ ಹಳೆಯದನ್ನು ಮುಚ್ಚದೆ, ಪ್ರತಿ ನಿವೇಶನಕ್ಕೂ ಒಂದು ಪುಟವಿಟ್ಟು, ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕದೊಡನೆ ಒಂದರ ಕೆಳಗೊಂದು ಬರೆಯುತ್ತ ಹೋಗಿ. ಕೆಡವಲು ಸಿದ್ಧವಾಗಿರುವ ಮನೆಗಳಿಂದಲೇ ಈ ಕೆಲಸ ಮೊದಲಾಗಲಿ.