ಸಹಾಯ ಬೇಕು: ಶಾಲಾ ಮಕ್ಕಳಿಗೆ ಕಡಿಮೆ ಬೆಲೆಯ ವಾಯ್ಸ್ ರೆಕಾರ್ಡರ್

ಎಲ್ಲರಿಗೂ ನಮಸ್ಕಾರ. ಬಸವನಗುಡಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು ನಾನು. ಒಂಬತ್ತನೇ ಕ್ಲಾಸಿನ ಮಕ್ಕಳು ತಮ್ಮ ಅಜ್ಜಿಯರ ಸೋಬಾನೆ ಪದ, ಗಾದೆ, ಕತೆಗಳನ್ನ ರೆಕಾರ್ಡ್ ಮಾಡ್ತಿದ್ದಾರೆ. ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಗೂ ಹೋಗೋ ಆಸೆ.

ಇಷ್ಟು ದಿನ ನನ್ನ ಮೊಬೈಲಲ್ಲೇ ನಡೀತಿತ್ತು. ಹೋದ ವಾರ ಒಬ್ಬ ಅಜ್ಜಿ ಚೆನ್ನಾಗಿ ಹಾಡ್ತಿರುವಾಗ ಫೋನ್ ಬಂತು, ರೆಕಾರ್ಡಿಂಗ್ ಅಲ್ಲಿಗೇ ನಿಂತಿತು. ಮತ್ತೆ ಹಾಡಿ ಅಂದ್ರೆ ಅಜ್ಜಿ ಕಾಫಿ ಮಾಡೋಕೆ ಎದ್ದುಬಿಟ್ರು!

ಕೈಯಲ್ಲಿರೋದು ಹದಿನೈದು ಸಾವಿರ. ನೋಡಿಟ್ಟಿರೋದು ಜೂಮ್ ಎಚ್1ಎನ್ ಮತ್ತು ಟಾಸ್ಕ್ಯಾಮ್ ಡಿಆರ್-05ಎಕ್ಸ್ ಅನ್ನೋ ಎರಡು ರೆಕಾರ್ಡರ್. ಟಾಸ್ಕ್ಯಾಮ್ ಮೈಕು ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತೆ. ಮಕ್ಕಳು ದುಂಡಗೆ ಕೂತು ಮಾತಾಡೋಕೆ ಸರಿ, ಆದ್ರೆ ರಸ್ತೆ ಪಕ್ಕದ ಮನೆಯಲ್ಲಿ ಆಟೋ ಹಾರನ್ನೂ ಜೊತೆಗೇ ಬರುತ್ತೆ. ಜೂಮ್‌ನ ಎರಡು ಮೈಕು ಮುಂದಕ್ಕೆ ಮುಖ ಮಾಡಿವೆ, ಒಬ್ಬರ ಹಾಡಿಗೆ ಅದೇ ವಾಸಿ ಅನ್ಸುತ್ತೆ. ಎರಡಕ್ಕೂ ಸಾಮಾನ್ಯ ಪೆನ್ಸಿಲ್ ಸೆಲ್ ಸಾಕು, ಅದು ನಮಗೆ ದೊಡ್ಡ ಅನುಕೂಲ. ಸಿಡಿ ಗುಣಮಟ್ಟದ ವೇವ್ ಫೈಲ್ (ಕುಗ್ಗಿಸದ ಧ್ವನಿ ಫೈಲ್) ನಿಮಿಷಕ್ಕೆ ಸುಮಾರು 10 ಎಂಬಿ, 32 ಜಿಬಿ ಕಾರ್ಡಲ್ಲಿ 50 ಗಂಟೆ ಹಿಡಿಯುತ್ತೆ, ಹಾಗಾಗಿ ಜಾಗದ ಚಿಂತೆಯಿಲ್ಲ.

ಗಾಳಿ ಸದ್ದಿಗೆ ಮೈಕಿನ ತುಪ್ಪಳದ ಟೋಪಿ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತಾ? ಮಕ್ಕಳ ಕೈಯಲ್ಲಿ ಬಿದ್ದೆದ್ದು ಬಾಳಿಕೆ ಬರೋದು ಯಾವುದು? ಇಲ್ಲಾ, ಹಳೇ ಮೊಬೈಲಿಗೆ ಕಾಲರ್ ಮೈಕು ಸಿಕ್ಕಿಸಿ, ಏರೋಪ್ಲೇನ್ ಮೋಡಿಗೆ ಹಾಕಿದ್ರೆ ಸಾಕಾ? ಬಳಸಿದವರು ದಯವಿಟ್ಟು ಹೇಳಿ. ಸೆಕೆಂಡ್ ಹ್ಯಾಂಡ್ ಕೊಡೋರಿದ್ರೆ ನಾನೇ ಬಂದು ನೋಡ್ತೀನಿ.